ಅಂಗೈಯಗಲದ ಕಾರು, ಅಂಗಡಿಗೆ ಬೀಗ!

ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಉತ್ತರದಲ್ಲಿ, ಸಮುದ್ರದ ದಂಡೆಯ ಮೇಲೆ ಸೌತ್‌ಪೋರ್ಟ್ ಅಂತ ಒಂದು ಊರಿದೆ. 1926ರಲ್ಲಿ ಹೆನ್ರಿ ಸೀಗ್ರೇವ್ ಅಲ್ಲಿನ ಮರಳಿನ ಮೇಲೆ ಸನ್‌ಬೀಮ್ ಕಾರನ್ನು ಗಂಟೆಗೆ 152 ಮೈಲಿಯಂತೆ ಓಡಿಸಿ ವಿಶ್ವದಾಖಲೆ ಮಾಡಿದ್ದ. ಮೂವತ್ತು ವರ್ಷದ ಮೇಲೆ ಅದೇ ಊರಿನಲ್ಲಿ ಇನ್ನೊಂದು ಓಟ ಶುರುವಾಯಿತು. ಈ ಸಲ ಕಾರು ಅಂಗೈಯಗಲ!

ಶುರು ಮಾಡಿದ್ದು ದೊಡ್ಡ ಕಂಪನಿ ಅಲ್ಲ. ಸೌತ್‌ಪೋರ್ಟ್ ಮಾಡೆಲ್ ಎಂಜಿನಿಯರಿಂಗ್ ಸೊಸೈಟಿ ಎಂಬ ಹವ್ಯಾಸಿಗಳ ಕ್ಲಬ್ಬು. ಕೈಯಾರೆ ಪುಟ್ಟ ಪುಟ್ಟ ಯಂತ್ರ ಮಾಡುವ ಜನ. 1954ರಲ್ಲಿ ಅವರ ಕಣ್ಣಿಗೆ ಹಳೇ ಕಾಲದ ಒಂದು ಎಲೆಕ್ಟ್ರಿಕ್ ರೇಸಿನ ಆಟ ಬಿತ್ತು. ನಾವೂ ಯಾಕೆ ಮಾಡಬಾರದು ಅಂದುಕೊಂಡವರೇ 1956ರ ಹೊತ್ತಿಗೆ ಸುಮಾರು 60 ಅಡಿ ಉದ್ದದ ಟ್ರ್ಯಾಕ್ ಕಟ್ಟಿಬಿಟ್ಟರು. ಕಾರು ಅಸಲಿಯ 32ರಲ್ಲಿ ಒಂದು ಪಾಲು. ಮೊದಮೊದಲು ಕಾರಿಗೆ ದಾರಿ ತೋರಿಸಲು ರೈಲಿನಂತೆ ಹಳಿ ಇತ್ತು. ಆಮೇಲೆ ಹಳಿ ಹೋಯಿತು, ರಸ್ತೆಯಲ್ಲೇ ಸೀಳು ಬಂತು. ಆ ಸೀಳೇ ಸ್ಲಾಟ್. ಅದರಿಂದ ಸ್ಲಾಟ್ ಕಾರ್ ಎಂಬ ಹೆಸರು.

ಆಟ ಸರಳ. ಕಾರಿನ ಮೂಗಿನಡಿಯ ಗೂಟ ಸೀಳಿನಲ್ಲಿ ಇಳಿದಿರುತ್ತದೆ. ಸೀಳಿನ ಎರಡೂ ಕಡೆ ಲೋಹದ ಪಟ್ಟಿ, ಅದರಲ್ಲಿ ಕರೆಂಟು. ಕೈಯಲ್ಲಿರುವ ಗುಂಡಿ ಒತ್ತಿದಷ್ಟೂ ವೇಗ. ಸ್ಟೀರಿಂಗ್ ಇಲ್ಲವಲ್ಲ, ಇದೇನು ಮಹಾ ಅನ್ನಬೇಡಿ. ತಿರುವಿನಲ್ಲಿ ಬೆರಳು ಸಡಿಲಿಸದಿದ್ದರೆ ಕಾರು ಹಾರಿ ನೆಲಕ್ಕೆ! ಘಾಟಿಯಲ್ಲಿ ಸ್ಪೀಡ್ ಇಳಿಸದ ಡ್ರೈವರನ ಬಸ್ಸಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ ಕಾಸಿದೆ ಎಂದು ವ್ಯಾಪಾರಿಗಳಿಗೆ ತಿಳಿಯಲು ತಡವಾಗಲಿಲ್ಲ. ಕೀಲಿ ಕೊಟ್ಟರೆ ಓಡುವ ಸ್ಕೇಲೆಕ್ಸ್ ಎಂಬ ತಗಡಿನ ಕಾರು ಮಾರುತ್ತಿದ್ದ ಫ್ರೆಡ್ ಫ್ರಾನ್ಸಿಸ್, ಅದಕ್ಕೆ ಮೋಟಾರು ಕೂರಿಸಿ 1957ರ ಹ್ಯಾರೊಗೇಟ್ ಆಟಿಕೆ ಮೇಳಕ್ಕೆ ತಂದ. ಹೆಸರು ಸ್ಕೇಲೆಕ್ಸ್‌ಟ್ರಿಕ್. ಆರ್ಡರ್ ಎಷ್ಟು ಬಂತೆಂದರೆ ಪೂರೈಸಲಾಗದೆ 1958ರಲ್ಲಿ ಕಂಪನಿಯನ್ನೇ ಲೈನ್ಸ್ ಬ್ರದರ್ಸ್‌ಗೆ ಮಾರಿದ. ಆಸಾಮಿ ಜಾಣ! ಕೊಂಡ ಆ ದೊಡ್ಡ ಸಂಸ್ಥೆ 1971ರಲ್ಲಿ ಕುಸಿಯಿತು.

ಅಮೆರಿಕದ ಕತೆ ಇನ್ನೂ ದೊಡ್ಡದು. 1960ರ ದಶಕದ ನಡುವಿನಲ್ಲಿ ಅಲ್ಲಿ ಊರೂರಿಗೂ ರೇಸಿನ ಅಂಗಡಿ. ಮಳಿಗೆ ಬಾಡಿಗೆಗೆ ಹಿಡಿದು ದೊಡ್ಡ ಟ್ರ್ಯಾಕ್ ಹಾಕಿಸುವುದು, ಆಡುವವರಿಂದ ಗಂಟೆಗಿಷ್ಟು ಅಂತ ವಸೂಲಿ ಮಾಡುವುದು. ಹುಡುಗರು ಮುಗಿಬಿದ್ದರು. ಆಮೇಲೆ? ನುರಿತವರು ದುಬಾರಿ ಮೋಟಾರು ಹಾಕಿಕೊಂಡು ಬಂದರು. ಪಾಕೆಟ್ ಮನಿ ಕೂಡಿಟ್ಟು ಬಂದ ಹುಡುಗ ಸೋತು ಸೋತು ಬೇಸತ್ತು ಮನೆ ಸೇರಿದ. ದಶಕ ಮುಗಿಯುವಷ್ಟರಲ್ಲಿ ಒಂದರ ಹಿಂದೊಂದು ಅಂಗಡಿಗೆ ಬೀಗ. ಗಿರಾಕಿ ಬರಲಿ ಬಿಡಲಿ, ಮಳಿಗೆಯ ಬಾಡಿಗೆ ನಿಲ್ಲುತ್ತದೆಯೇ?

ಕ್ಲಬ್ಬಿನವರಿಗೆ ಮಾತ್ರ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಅವರು ಲಾಭಕ್ಕೆಂದು ಟ್ರ್ಯಾಕ್ ಹಾಕಿದವರೇ ಅಲ್ಲ. ಬ್ರಿಟನ್ನಿನಲ್ಲಿ ಈಗಲೂ ಇಂಥ ಕ್ಲಬ್ಬುಗಳುಂಟು. ಅಲ್ಲೊಂದು ಪದ್ಧತಿ. ಓಡಿಸಿ ಮುಗಿಸಿದವರು ಮುಂದಿನ ಸರದಿಯಲ್ಲಿ ತಿರುವಿನ ಬಳಿ ಕಾವಲು ನಿಲ್ಲಬೇಕು. ಯಾರ ಕಾರು ಹಾರಿ ಬಿದ್ದರೂ, ಈಗಷ್ಟೇ ತಮ್ಮನ್ನು ಸೋಲಿಸಿದವನದೇ ಆದರೂ, ಎತ್ತಿ ಮತ್ತೆ ಸೀಳಿನಲ್ಲಿ ಕೂರಿಸಬೇಕು. ಅದೂ ಬೇಗ!