ಸಂದರ್ಶನದ ದಿನ ಕುಕ್ಕರ್ ಕೂಗುವುದಿಲ್ಲ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಪಿಟೀಲು, ವೀಣೆ, ಮೃದಂಗ ಕಲಿಯುವ ಮಕ್ಕಳಿಗೆ ಬರವಿಲ್ಲ. ಅವರಲ್ಲೊಬ್ಬರನ್ನು ಚಾನೆಲ್‌ನವರೋ ಯೂಟ್ಯೂಬ್‌ನವರೋ ಮಾತಾಡಿಸಲು ಬಂದರೆ ಅವತ್ತು ಇಡೀ ಮನೆ ಅದರ ಕೆಲಸಕ್ಕೇ ನಿಲ್ಲುತ್ತದೆ. ಅಪ್ಪ ರಜೆ ಹಾಕುತ್ತಾರೆ. ಅಮ್ಮ ಬೆಳಗ್ಗೆಯೇ ಅಡುಗೆ ಮುಗಿಸುತ್ತಾರೆ, ಕ್ಯಾಮೆರಾ ಬಂದ ಮೇಲೆ ಕುಕ್ಕರ್ ಕೂಗುವಂತಿಲ್ಲ. ಗುಂಯ್ ಎನ್ನುವ ಸದ್ದು ಮೈಕಿಗೆ ಸಿಗುತ್ತದೆಂದು ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವವರಿಗೆ ‘ಅರ್ಧ ಗಂಟೆ ತಡೀರಪ್ಪ’ ಎಂದು ಹೇಳಿಬರಲು ತಾತ ಹೊರಡುತ್ತಾರೆ. ಮಗನ ಜುಬ್ಬಾದೊಳಗಿಂದ ವೈರ್ ಎಳೆದು ಮೈಕ್ ಸಿಕ್ಕಿಸಿದ ಅಮ್ಮನಿಗೇ ಕೊನೆಗೆ, ‘ಮೇಡಂ, ಸ್ವಲ್ಪ ಈ ಕಡೆ ಬನ್ನಿ, ಫ್ರೇಮಲ್ಲಿ ಬರ್ತಿದೀರ’ ಎನ್ನುತ್ತಾರೆ. ಪ್ರಸಾರವಾದದ್ದರಲ್ಲಿ ಇದ್ಯಾವುದೂ ಇರುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಸಾಧನೆ, ಓದನ್ನು ಹೇಗೆ ನಿಭಾಯಿಸ್ತೀಯ ಎಂಬ ಮಾಮೂಲಿ ಪ್ರಶ್ನೆಗಳಿರುತ್ತವೆ, ಉತ್ತರ ಬಹುಪಾಲು ಅಪ್ಪನದು. ಮನೆಯ ದುಡಿಮೆಯನ್ನೂ ಮಗುವಿನ ಸ್ವಂತ ಮಾತನ್ನೂ ಬಿಟ್ಟು ಬರೆದ ಪ್ರತಿಭೆಯ ಕಥೆ ಅರ್ಧ ಸುಳ್ಳು ಎಂಬುದು ನನ್ನ ವಾದ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರಿಗಿಂತ ಗಟ್ಟಿ ಸಾಕ್ಷಿ ಇದಕ್ಕೆ ಬೇಕಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತ ಗೀತೆ ಹಾಡಿದಾಗ ಅವರಿಗೆ 11 ವರ್ಷ. ಅಂದು ಯಾರಾದರೂ ಆ ಹುಡುಗಿಯನ್ನು ಮಾತಾಡಿಸಿದ್ದರೆ ಏನು ಬರೆದುಕೊಳ್ಳುತ್ತಿದ್ದರು? ಚಪ್ಪಾಳೆ, ಗಾಂಧಿ ದರ್ಶನದ ಪುಳಕ, ಇಷ್ಟೇ. ಆದರೆ ಮುಂದೆ ಅವರೇ ಹೇಳಿಕೊಂಡ ನೆನಪು ಬೇರೆ: ಊಟವಾದ ಮೇಲೆ ಎಂಜಲೆಲೆ ಎತ್ತು ಅಂದುಬಿಟ್ಟಾರು ಎಂಬ ಅಂಜಿಕೆ. ಕೆಳಜಾತಿಯೆಂದು ಊರು ಎಣಿಸುತ್ತಿದ್ದ ಮನೆಯ ಮಗುವಿಗೆ ಶ್ರುತಿಗಿಂತ ಎಲೆಯದೇ ಚಿಂತೆ. ಈ ವಿವರವನ್ನು ದಾಟಿ ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ. ದೇಶದ ಚರಿತ್ರೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಂಡ ದಿನವದು. ಮಗುವಿನ ಪಾಲಿಗೆ ಅದು ಊಟದ ಪಂಕ್ತಿಯ ದಿನ. ಆ ಅಂಜಿಕೆ ಲೋಕಕ್ಕೆ ತಿಳಿದದ್ದು ಆಕೆ ದೊಡ್ಡ ಹೆಸರಾದ ಮೇಲೆ. ಇನ್ನು ಮನೆಯ ಪಾಲು ನೋಡಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆ ಕೆಡಬಾರದೆಂದು ತನ್ನ ಹಾಡನ್ನೇ ನಿಲ್ಲಿಸಿದರು. 1928ರಲ್ಲಿ ಸಂಸಾರ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದದ್ದೂ ಮಗಳ ಪಾಠಕ್ಕಾಗಿ.

ಪ್ರಚಾರವಿಲ್ಲದೆ ಮಧ್ಯಮ ವರ್ಗದ ಮಗು ಸಭೆಯವರ ಕಣ್ಣಿಗೆ ಬೀಳುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಸುಳೇಭಾವಿಯ ಶಿವಪುತ್ರ, ಗ್ರಾಮಫೋನ್ ತಟ್ಟೆಗಳಲ್ಲಿದ್ದ ಉಸ್ತಾದರನ್ನು ಹಾಗೆಹಾಗೇ ಹಾಡಿ ತೋರಿಸಿ ಕುಮಾರ ಗಂಧರ್ವನೆನಿಸಿಕೊಂಡದ್ದು ಬಾಲ್ಯದಲ್ಲೇ. ಆ ಖ್ಯಾತಿಯೇ ಹುಡುಗನನ್ನು ಮುಂಬೈಗೆ ಒಯ್ದಿತು. ಆದರೆ ಅಲ್ಲಿ ಬಿ.ಆರ್. ದೇವಧರರ ಬಳಿ ವರ್ಷಗಟ್ಟಲೆ ಕೂತು ಕಲಿತದ್ದಕ್ಕೇ ಆ ಹೆಸರು ಉಳಿಯಿತು. ಬಾಲ ಕಲಾವಿದರಿಗೆ ಕಾನೂನಿನ ರಕ್ಷಣೆ ಇದೆಯಲ್ಲ ಎಂಬುದು ಇನ್ನೊಂದು ಮಾತು. ಇದೆ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳಂತೆ ದಿನಕ್ಕೆ 5 ಗಂಟೆ ಮೀರಿ ದುಡಿಸುವಂತಿಲ್ಲ, ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ, ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಆದರೆ ಸಂಭಾವನೆಯೇ ಇಲ್ಲದೆ ಸ್ವಂತ ಮನೆಯ ಹಾಲ್‌ನಲ್ಲಿ ‘ಇನ್ನೊಂದ್ಸಲ ನುಡಿಸು ಪುಟ್ಟ’ ಎಂದು ಮಧ್ಯಾಹ್ನದವರೆಗೆ ಕೂರಿಸಿದರೆ ಗಡಿಯಾರ ನೋಡುವವರು ಯಾರು? ಮಗು ನಾಚುತ್ತದೆ, ದೊಡ್ಡವರೇ ಹೇಳಬೇಕಾಗುತ್ತದೆ ಎಂಬ ಸಮರ್ಥನೆಯನ್ನಂತೂ ಒಪ್ಪಲಾರೆ. ನಾಚುವ ಮಗು ವಾದ್ಯ ಹಿಡಿದರೆ ಬೇಕಾದಷ್ಟು ಹೇಳುತ್ತದೆ.

ಹಾಗಾಗಿ ವರದಿಗಾರ ಮಿತ್ರರಲ್ಲಿ ಒಂದು ವಿನಂತಿ. ಅಪ್ಪ ಎದುರಿಗೇ ಕೂತಿರಲಿ, ಉತ್ತರ ಮಾತ್ರ ಮಗುವೇ ಹೇಳಲಿ. ಯಾವ ರಾಗ ಕಂಡರೆ ಬೇಜಾರು, ಕಛೇರಿಯ ದಿನ ಏನು ಭಯ ಎಂದು ಕೇಳಿ. ಪಾಠಕ್ಕೆ ಕರೆದೊಯ್ದು ಮೆಟ್ಟಿಲ ಮೇಲೆ ಕಾಯುವವರು ಯಾರೆಂದು ವಿಚಾರಿಸಿ, ಅವರ ಹೆಸರನ್ನೂ ಅಚ್ಚು ಹಾಕಿ.