ನಗೆಯಲ್ಲೂ ನಾಲ್ಕು ಬಗೆ: ನಿಮ್ಮದು ಯಾವುದು?



ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಹಾಲೇ ಆದರೂ ಡಿಗ್ರಿ, ಫ್ಯಾಟ್ ನೋಡದೆ ಅದರ ಗುಣ ಗೊತ್ತಾಗುವುದಿಲ್ಲ. ನಗೆಯೂ ಹಾಗೆಯೇ. ನಗುವವರೆಲ್ಲ ಸುಖವಾಗಿದ್ದಾರೆ ಎಂದಾಗಲಿ, ನಗಿಸುವವರೆಲ್ಲ ಒಳ್ಳೆಯ ಮನಸ್ಸಿನವರು ಎಂದಾಗಲಿ ಹೇಳಲು ಬರುವುದಿಲ್ಲ. ನಗೆಯ ಗುಣವನ್ನೂ ಪರೀಕ್ಷಿಸಿ ನೋಡಬೇಕು.

ಈ ಪರೀಕ್ಷೆಗೆ ಒಂದು ದಾರಿ ಹಾಕಿಕೊಟ್ಟವರು ಕೆನಡಾ ದೇಶದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಅವರ ಸಂಗಡಿಗರು. 2003ರಲ್ಲಿ ಅವರು 32 ಹೇಳಿಕೆಗಳಿರುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿ, ಜನರ ಹಾಸ್ಯದ ರೀತಿಯನ್ನು ನಾಲ್ಕಾಗಿ ವಿಂಗಡಿಸಿದರು. ಇವುಗಳಲ್ಲಿ ಎರಡು ಮನಸ್ಸಿಗೆ ಹಿತ, ಎರಡು ಅಹಿತ. ನಮ್ಮ ಸಂಘದ ಮುಂದಿನ ಸಾಲಿನಲ್ಲಿ ಈ ನಾಲ್ಕನ್ನೂ ಕಾಣಬಹುದು.

1. ಜನರನ್ನು ಕೂಡಿಸುವ ಹಾಸ್ಯ

ಬೆಳಿಗ್ಗೆ ಕರು ಹಗ್ಗ ಬಿಚ್ಚಿಕೊಂಡು ಅರ್ಧ ಹಾಲು ಕುಡಿದುಬಿಟ್ಟಿದೆ. "ಇವತ್ತು ಸಂಘಕ್ಕಿಂತ ಮೊದಲು ನಮ್ಮ ಕರುವೇ ಟೆಸ್ಟ್ ಮಾಡಿತು, ಹಾಲು ಪಾಸಾಯಿತು" ಎಂದು ನೀವು ಹೇಳಿದರೆ ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಯಾರಿಗೂ ನೋವಿಲ್ಲ. ಜನರೊಡನೆ ಬೆರೆಯುವ ಸ್ವಭಾವದವರಲ್ಲಿ ಈ ಬಗೆ ಹೆಚ್ಚು. ಮನುಷ್ಯರು ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಕಂಡುಕೊಂಡರು. ಅದರಲ್ಲೂ ಹೆಚ್ಚಿನ ನಗೆ ಹುಟ್ಟುವುದು ದೊಡ್ಡ ಜೋಕುಗಳಿಂದಲ್ಲ, ಇಂಥ ಸಾಮಾನ್ಯ ಮಾತುಗಳಿಂದಲೇ.

2. ತನಗೆ ತಾನೇ ಧೈರ್ಯ ತಂದುಕೊಳ್ಳುವ ಹಾಸ್ಯ

ಬೆಳಗಿನ ಜಾವ ಹಸು ಒದ್ದು ಬಕೆಟ್ ಉರುಳಿಸಿದೆ. ಕೊಟ್ಟಿಗೆಯಲ್ಲಿ ಬೇರೆ ಯಾರೂ ಇಲ್ಲ. "ನಿನಗೂ ಇವತ್ತು ರಜಾ ಬೇಕಿತ್ತೇನೇ?" ಎಂದು ನಕ್ಕು ಬಕೆಟ್ ತೊಳೆದುಕೊಳ್ಳುವವರು ಈ ಗುಂಪಿನವರು. ಬಾಲ್ಯದಲ್ಲಿ ಬಹಳ ಕಷ್ಟ ಕಂಡ ನಮ್ಮ ಬೀchiಯವರು ತಮ್ಮ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟದ್ದನ್ನು ನೆನೆಯಿರಿ. ಈ ಬಗೆಯ ಹಾಸ್ಯವುಳ್ಳವರಲ್ಲಿ ಆತಂಕ, ಖಿನ್ನತೆ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಇದಕ್ಕೆ ಮಾತುಗಾರಿಕೆ ಬೇಕಿಲ್ಲ. ಮೌನ ಸ್ವಭಾವದವರಲ್ಲೂ ಇದು ಇರಬಹುದು.

3. ಚುಚ್ಚುವ ಹಾಸ್ಯ

ಒಬ್ಬ ತಾಯಿಯ ಹಾಲಿನಲ್ಲಿ ಫ್ಯಾಟ್ ಕಡಿಮೆ ಬಂದಿದೆ. ಹಿಂದಿನಿಂದ ಯಾರೋ, "ಅಮ್ಮನವರ ಮನೆ ಬಾವೀಲಿ ಫ್ಯಾಟ್ ಕಮ್ಮಿಯಂತೆ" ಎನ್ನುತ್ತಾರೆ. ಸಾಲಿಗೆ ಸಾಲೇ ನಗುತ್ತದೆ. ಮಾರನೆಯ ದಿನ ಆಕೆ ತಾನು ಬಾರದೆ ಮಗನ ಕೈಯಲ್ಲಿ ಹಾಲು ಕಳುಹಿಸುತ್ತಾಳೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಆಕೆಯ ಸ್ಥಿತಿ.

ಆಕೆ ನೀರು ಬೆರೆಸಿರಲಿಕ್ಕಿಲ್ಲ. ಕೆಚ್ಚಲಿನಿಂದ ಕೊನೆಯಲ್ಲಿ ಇಳಿಯುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಪೂರ್ತಿ ಹಿಂಡದಿದ್ದರೆ ಫ್ಯಾಟ್ ಇಳಿಯುತ್ತದೆ. ನಾರಿನಂಶದ ಮೇವು ಸಾಲದಿದ್ದರೂ ಇಳಿಯುತ್ತದೆ. ಕಾರ್ಯದರ್ಶಿಯವರನ್ನು ಕೇಳಿದ್ದರೆ ಉಪಾಯ ಸಿಗುತ್ತಿತ್ತು. ಆದರೆ ನಗೆಗೀಡಾದವರು ಕೇಳುವುದನ್ನೇ ಬಿಡುತ್ತಾರೆ. ಒಂದು ಗೇಲಿಯ ಮಾತಿನಿಂದ ಆ ಮನೆಗೂ ನಷ್ಟ, ಸಂಘಕ್ಕೂ ನಷ್ಟ. ಸಿಡುಕು ಸ್ವಭಾವದವರಲ್ಲಿ, ಬೇರೆಯವರ ನೋವನ್ನು ಲೆಕ್ಕಿಸದವರಲ್ಲಿ ಈ ಬಗೆಯ ಹಾಸ್ಯ ಹೆಚ್ಚು.

4. ತನ್ನನ್ನು ತಾನೇ ತುಳಿದುಕೊಳ್ಳುವ ಹಾಸ್ಯ

ಸಾಲ ಮಾಡಿ ತಂದ ಹಸು ಸತ್ತಿದೆ. "ನನ್ನ ಕೈಗೆ ಬಂದದ್ದು ಉಳಿಯುತ್ತದೆಯೇ? ನಾನೇ ಭೂಮಿಗೆ ಭಾರ" ಎಂದು ನಗುತ್ತಾ ಹೇಳುವವರನ್ನು ನೀವು ಕಂಡಿರಬಹುದು. ಕೇಳಿದವರೂ ನಕ್ಕು ಮುಂದೆ ಹೋಗುತ್ತಾರೆ. ಎರಡನೆಯ ಬಗೆಯಲ್ಲಿ ಮನುಷ್ಯ ತನ್ನ ಕಷ್ಟವನ್ನು ನೋಡಿ ನಗುತ್ತಾನೆ. ಇಲ್ಲಿ ತನ್ನ ಬೆಲೆಯನ್ನೇ ಕಳೆದು ನಗುತ್ತಾನೆ. ಈ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿ. ಈ ಬಗೆಯ ಹಾಸ್ಯ ಹೆಚ್ಚಿರುವವರಲ್ಲಿ ಆತಂಕ ಮತ್ತು ಖಿನ್ನತೆ ಹೆಚ್ಚಾಗಿ ಕಂಡುಬಂದಿವೆ.

ಇಂಥ ಮಾತು ಕಿವಿಗೆ ಬಿದ್ದರೆ ನಕ್ಕು ಬಿಡಬೇಡಿ. ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ಏನಣ್ಣಾ, ಮನೆಯಲ್ಲಿ ಹೇಗಿದ್ದೀರಿ?" ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಆಲಿಸಿ. ಮನಸ್ಸಿನ ಬೇಗೆಗೆ ಸಲಹೆ ಪಡೆಯಲು ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ ಇದೆ. 14416 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸ್ವಭಾವ ಬದಲಾದೀತೇ?

ಹುಟ್ಟುಗುಣ ಪೂರ್ತಿ ಹೋಗದು, ನಿಜ. ಆದರೆ ನಾಲಿಗೆಯ ಅಭ್ಯಾಸವನ್ನು ತಿದ್ದಿಕೊಳ್ಳಬಹುದು. ಇನ್ನೊಂದು ಮಾತೂ ನೆನಪಿರಲಿ. ಒಳ್ಳೆಯ ಹಾಸ್ಯದಿಂದ ಮನಸ್ಸು ಹಗುರಾಗುತ್ತದೆ, ಮನಸ್ಸು ಹಗುರಾಗಿದ್ದರೆ ಒಳ್ಳೆಯ ಹಾಸ್ಯವೂ ಹುಟ್ಟುತ್ತದೆ. ಯಾವುದು ಬೀಜ, ಯಾವುದು ಫಲ ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ನಗೆಯೊಂದೇ ಔಷಧಿ ಎಂದು ವೈದ್ಯರ ಬಳಿ ಹೋಗುವುದನ್ನು ತಪ್ಪಿಸಬೇಡಿ.

ನಾಳೆ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಈ ಮೂರನ್ನು ಪಾಲಿಸಿ ನೋಡಿ:

• ತಮಾಷೆ ಮಾಡುವ ಮುನ್ನ, ಯಾರ ಬಗ್ಗೆ ಹೇಳುತ್ತಿದ್ದೀರೋ ಅವರೂ ನಗುತ್ತಾರೆಯೇ ಎಂದು ಯೋಚಿಸಿ.
• ಯಾರನ್ನಾದರೂ ಗೇಲಿ ಮಾಡಿದರೆ ನೀವು ನಗಬೇಡಿ. ಎದುರು ವಾದವೂ ಬೇಡ. ನಗುವವರಿಲ್ಲದ ಗೇಲಿ ತಾನಾಗಿಯೇ ನಿಲ್ಲುತ್ತದೆ.
• ನಿಮ್ಮ ಕಷ್ಟವನ್ನು ನೋಡಿ ಬೇಕಾದಷ್ಟು ನಗಿ. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಶುದ್ಧ ಹಾಲಿನಂತೆ ನಗೆಯೂ ಶುದ್ಧವಾಗಿರಲಿ.