ಕೋವಿ ತರಬೇತಿ: ಮೊಬೈಲಿನಲ್ಲೋ, ಮೈದಾನದಲ್ಲೋ?

ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಹೊಸದಾಗಿ ಲೈಸೆನ್ಸು ಬೇಕೆನ್ನುವವರು 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು. ತೋಟದ ಕೆಲಸ ಬಿಟ್ಟು ಹೋಗುವ ಬದಲು ಮೊಬೈಲಿನಲ್ಲೇ ಇದನ್ನು ಕಲಿಯಲಾಗದೇ ಎಂಬ ಪ್ರಶ್ನೆ ಸಹಜ.

ಪಿಸ್ತೂಲು ಒಯ್ಯುವ ಪರವಾನಗಿಯ ವಿಷಯದಲ್ಲಿ ಅಮೆರಿಕದ ರಾಜ್ಯಗಳು ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಟೆನ್ನೆಸ್ಸೀ ರಾಜ್ಯವು 2020ರ ಜನವರಿ 1ರಿಂದ, ಪಿಸ್ತೂಲನ್ನು ಮರೆಯಾಗಿ ಒಯ್ಯುವ ಹೊಸ ಪರವಾನಗಿಗೆ ಒಂದೂವರೆ ಗಂಟೆಯ ಆನ್‌ಲೈನ್ ಪಾಠ ಸಾಕೆಂದಿತು. ಅಲ್ಲಿಯ ಮೇಲ್ದರ್ಜೆಯ ಪರವಾನಗಿಗೆ ಮಾತ್ರ ಎಂಟು ಗಂಟೆಯ ತರಬೇತಿಯೂ ಗುಂಡು ಹಾರಿಸಿ ತೋರಿಸುವ ಪರೀಕ್ಷೆಯೂ ಉಂಟು. ವರ್ಜೀನಿಯಾ ಇದಕ್ಕೆ ವಿರುದ್ಧವಾಗಿ, 2021ರ ಜನವರಿ 1ರಿಂದ ಆನ್‌ಲೈನ್ ತರಬೇತಿಯನ್ನು ಒಪ್ಪುವುದನ್ನೇ ನಿಲ್ಲಿಸಿ, ಶಿಕ್ಷಕರ ಎದುರಿನಲ್ಲೇ ಕಲಿಯಬೇಕೆಂದು ವಿಧಿಸಿತು.

ನಾವು ಗಮನಿಸಬೇಕಾದುದು, ಯಾವುದನ್ನು ಎಲ್ಲಿ ಕಲಿಯಬಹುದು ಎಂಬುದನ್ನು. ಕಾನೂನಿನ ಪಾಠಕ್ಕೆ ಮೊಬೈಲು ಅನುಕೂಲವೇ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರ ಬದಲು ಐದು ವರ್ಷವಾಗಿದೆ. ಲೈಸೆನ್ಸು ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಕ್ಕಂತಲ್ಲ. ಇಂಥವನ್ನು ಬಿಡುವಾದಾಗ ಎರಡು ಸಲ ಕೇಳಿ ತಿಳಿಯಬಹುದು.

ಆದರೆ ಕೈಯ ಅಭ್ಯಾಸವನ್ನು ಮೊಬೈಲು ತಿದ್ದಲಾರದು. ಮಾತಾಡುತ್ತಾ ತಿರುಗಿದಾಗ ನಳಿಗೆ ಯಾರ ಕಡೆಗೆ ಹೋಯಿತು, ಬೆರಳು ಟ್ರಿಗರಿನ ಮೇಲೆ ಯಾವಾಗ ಕೂತಿತು ಎಂಬುದು ಪಕ್ಕದಲ್ಲಿ ನಿಂತ ಶಿಕ್ಷಕರಿಗೇ ಕಾಣುವುದು. ಬೇಲಿ ದಾಟುವ ಮೊದಲು ಕಾಡತೂಸು ತೆಗೆಯುವುದನ್ನು ಮಾಡಿಯೇ ರೂಢಿಸಿಕೊಳ್ಳಬೇಕು. ಕಾಡತೂಸು ಸಿಡಿಯದಿದ್ದರೆ ಕೂಡಲೇ ನಳಿಗೆ ತೆರೆಯಬಾರದು. ಅಪಾಯವಿಲ್ಲದ ಕಡೆಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಗಾಬರಿಯಲ್ಲಿ ಇದು ನೆನಪಾಗುವುದು ಕೈಗೆ ಅಭ್ಯಾಸವಾಗಿದ್ದರೆ ಮಾತ್ರ.

ನಮ್ಮ ತೋಟಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕಾಫಿ ಗಿಡದ ಮರೆಯಲ್ಲಿ ಹಣ್ಣು ಬಿಡಿಸುವವರಿರುತ್ತಾರೆ. ಕತ್ತಲೆಯಲ್ಲಿ ಅಲುಗಿದ ಪೊದೆಯ ಹಿಂದೆ ಹಂದಿಯೇ ಇರಬೇಕೆಂದಿಲ್ಲ. ತನ್ನ ಬೆಳೆ ಕಾಯಲು ಬಂದ ನೆರೆಯವನೂ ಇರಬಹುದು. ಗುರಿ ಏನೆಂದು ಖಚಿತವಾಗದೆ ಗುಂಡು ಹಾರಿಸಲೇಬಾರದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸಲಹೆ ಇಷ್ಟು. ಕಾನೂನನ್ನು ಮೊಬೈಲಿನಲ್ಲಿ ಓದಿಕೊಳ್ಳಿ. ಕೋವಿ ಹಿಡಿಯುವುದನ್ನು ಮೈದಾನದಲ್ಲೇ ಕಲಿಯಿರಿ. ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ, ಠಾಣೆಯಲ್ಲಿ ವಿಚಾರಿಸಿ. ಯಾವುದೇ ತರಬೇತಿಗೆ ಹಣ ಕಟ್ಟುವ ಮೊದಲು, ಅದರ ಪ್ರಮಾಣಪತ್ರ ಲೈಸೆನ್ಸಿಗೆ ನಡೆಯುತ್ತದೆಯೇ ಎಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಳ್ಳಿ. ಮನೆಯಲ್ಲಿ ಕೋವಿಯನ್ನೂ ಕಾಡತೂಸನ್ನೂ ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ.

ಕೊಡಗಿನಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇರುವ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ. ವಿನಾಯಿತಿ ಇರುವುದು ಕಾಗದಕ್ಕೆ, ಗುಂಡಿಗಲ್ಲ.